ಸೊಸೈಟಿಗೆ ಯಾವ ಸಾಫ್ಟ್‌ವೇರ್ ತರೋಣ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಸೇವಾ ಸಹಕಾರಿ ಸಂಘದ ಡೈರೆಕ್ಟರು. ಅಡಿಕೆ ಕೃಷಿಕ. ಕಂಪ್ಯೂಟರ್ ಜ್ಞಾನ ವಾಟ್ಸಾಪ್‌ವರೆಗೆ ಮಾತ್ರ. ನಮಗೆ ಹೆಡ್ ಆಫೀಸು, ಎರಡು ಶಾಖೆ, ಒಂದು ಗೊಬ್ಬರದ ಡಿಪೋ ಇದೆ. ಹಳೆಯ ಸಾಫ್ಟ್‌ವೇರ್‌ಗೆ ಇನ್ನು ಸರ್ವಿಸ್ ಇಲ್ಲ ಎಂದು ಕಂಪೆನಿ ಹೇಳಿದೆ. ಮೂರು ಕೊಟೇಶನ್ ಬಂದಿವೆ. ಸೆಕ್ರೆಟರಿಗೆ ಒಂದು ಕಂಪೆನಿ ಇಷ್ಟ. ಅಧ್ಯಕ್ಷರ ಅಳಿಯ ಬೆಂಗಳೂರಿನಲ್ಲಿ ಐಟಿಯಲ್ಲಿದ್ದಾನೆ, ನಾವೇ ಬರೆಸುವ ಅಂತಾನೆ. ಮಾರ್ಚ್ 31ರ ಒಳಗೆ ಸಹಿ ಹಾಕಿದರೆ ರಿಯಾಯಿತಿ, ಏಪ್ರಿಲ್ 1ಕ್ಕೇ ಹೊಸದು ಶುರು ಎಂದು ಒಂದು ಕಂಪೆನಿಯ ಒತ್ತಾಯ. ಆಡಿಟರು "ಐಟಿ ಗವರ್ನೆನ್ಸ್ ಇಲ್ಲ" ಎಂದು ಬರೆದಿಟ್ಟು ಹೋಗಿದ್ದಾರೆ. ಅದೇನೆಂದು ಬೋರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ಯಾವುದನ್ನು ತೆಗೆದುಕೊಳ್ಳಬೇಕು?

ಉತ್ತರ: ಮೂರರಲ್ಲಿ ಯಾವುದು ಅಂತ ನಾನು ಹೇಳುವುದಿಲ್ಲ. ಹೇಳಿದರೂ ನಿಮಗೆ ಪ್ರಯೋಜನ ಇಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಬೇರೆ. ಸೆಕ್ರೆಟರಿ ಒಂದು ಕಡೆ, ಅಧ್ಯಕ್ಷರ ಮನೆಯವರು ಇನ್ನೊಂದು ಕಡೆ, ದಿನಾಂಕ ಇಡುವವರು ಕಂಪೆನಿಯವರು. ತೀರ್ಮಾನ ಮಾಡಬೇಕಾದವರು ಯಾರು ಅನ್ನುವುದೇ ತೀರ್ಮಾನ ಆಗಿಲ್ಲ. ಆಡಿಟರು ಬರೆದದ್ದು ಇದನ್ನೇ.

ಐಟಿ ಗವರ್ನೆನ್ಸ್ ಅಂದರೆ ಹೆದರುವಂಥದ್ದು ಏನೂ ಇಲ್ಲ. ಕಂಪ್ಯೂಟರಿನ ವಿಷಯದಲ್ಲಿ ಯಾರು ತೀರ್ಮಾನ ಮಾಡಬೇಕು, ಯಾರು ಮಾಡಿ ತೋರಿಸಬೇಕು, ತಪ್ಪಿದರೆ ಯಾರು ಉತ್ತರ ಕೊಡಬೇಕು ಅನ್ನುವುದನ್ನು ಮೊದಲೇ ಬರೆದಿಡುವುದು. ಇದಕ್ಕೆ 2008ರಲ್ಲೇ ಐಎಸ್‌ಒ 38500 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅದರ ಪ್ರಕಾರ ಬೋರ್ಡಿನ ಕೆಲಸ ಮೂರೇ. ಇರುವುದನ್ನು ತೂಗಿ ನೋಡಬೇಕು, ಹೋಗಬೇಕಾದ ದಿಕ್ಕು ಹೇಳಬೇಕು, ಹೇಳಿದ ಹಾಗೆ ಆಗ್ತಾ ಇದೆಯಾ ಅಂತ ನೋಡ್ತಾ ಇರಬೇಕು. ಸರ್ವರ್ (ಲೆಕ್ಕವೆಲ್ಲ ಇರುವ ಮುಖ್ಯ ಕಂಪ್ಯೂಟರ್) ಯಾವ ಕಂಪೆನಿಯದ್ದು, ಕೇಬಲ್ ಎಲ್ಲಿ ಎಳೆಯುವುದು, ಇದೆಲ್ಲ ಸೆಕ್ರೆಟರಿ ಮತ್ತು ಸಿಬ್ಬಂದಿಯ ಕೆಲಸ. ದೊಡ್ಡ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಇದೇ ವಿಷಯಕ್ಕೆ ವಿವರವಾದ ನಿರ್ದೇಶನ ಹೊರಡಿಸಿತು, 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬೋರ್ಡಿನದ್ದೇ ಒಂದು ಐಟಿ ಸಮಿತಿ ಇರಬೇಕು, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ಅದರಲ್ಲಿದೆ. ಅದು ದೊಡ್ಡವರಿಗೆ ಬರೆದದ್ದು. ನಿಮ್ಮಂಥ ಸೊಸೈಟಿ ಅಷ್ಟೆಲ್ಲ ಮಾಡಬೇಕಾಗಿಲ್ಲ. ಇಬ್ಬರು ಡೈರೆಕ್ಟರು, ಸೆಕ್ರೆಟರಿ, ಕೌಂಟರಿನಲ್ಲಿ ಕೂರುವ ಒಬ್ಬ ಸಿಬ್ಬಂದಿ ಸೇರಿ ಒಂದು ಉಪಸಮಿತಿ ಮಾಡಿಕೊಂಡರೆ ಸಾಕು. ಕೌಂಟರಿನವರನ್ನು ಮಾತ್ರ ಬಿಡಬೇಡಿ. ಸಾಫ್ಟ್‌ವೇರಿನ ಜೊತೆ ದಿನವಿಡೀ ಗುದ್ದಾಡುವವರು ಅವರು.

ನಿಮಗೆ ಕಂಪ್ಯೂಟರ್ ಗೊತ್ತಿಲ್ಲ ಅನ್ನುವುದು ಇಲ್ಲಿ ಅಡ್ಡಿಯೇ ಅಲ್ಲ. ಬೋರ್ಡು ಉತ್ತರ ಕೊಡಬೇಕಾದ ಪ್ರಶ್ನೆಗಳು ಎಂಥವು ನೋಡಿ. ಜೂನ್‌ನಲ್ಲಿ ಗಾಳಿಮಳೆಗೆ ಕರಂಟು ಹೋಗಿದೆ, ಇಂಟರ್ನೆಟ್ಟೂ ಇಲ್ಲ. ಆಗ ಕೌಂಟರ್ ಎಷ್ಟು ಹೊತ್ತು ನಿಲ್ಲಬಹುದು? ಒಂದು ಗಂಟೆಯಾ, ಅರ್ಧ ದಿನವಾ? ಸಿಡಿಲು ಬಡಿದು ಸರ್ವರ್ ಸುಟ್ಟಿತು. ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ಸ್ಲಿಪ್ ನೋಡಿ ಮತ್ತೆ ಬರೆಯಬಹುದು? ಒಂದು ದಿನದ್ದು ಆದೀತು, ಒಂದು ವಾರದ್ದು? ಇದಕ್ಕೆ ಉತ್ತರ ಕೊಡಲು ಸದಸ್ಯರನ್ನು ಬಲ್ಲವರು ಬೇಕು, ಇಂಜಿನಿಯರ್ ಬೇಕಾಗಿಲ್ಲ. "ಕೌಂಟರ್ ಒಂದು ಗಂಟೆಗಿಂತ ಜಾಸ್ತಿ ನಿಲ್ಲಕೂಡದು" ಎಂದು ಬೋರ್ಡು ಬರೆದರೆ, ಕಂಪೆನಿಯ ದೂರದ ಕಂಪ್ಯೂಟರಿನಲ್ಲಿದ್ದು ಇಂಟರ್ನೆಟ್ ಇಲ್ಲದೆ ಓಡದ ಕ್ಲೌಡ್ ಸಾಫ್ಟ್‌ವೇರ್ ತರುವವರು ಎರಡು ಬೇರೆ ಬೇರೆ ಕಂಪೆನಿಯ ಸಂಪರ್ಕಕ್ಕೂ ದುಡ್ಡು ತೆಗೆದಿಡಬೇಕಾಗುತ್ತದೆ. ಇಲ್ಲದಿದ್ದರೆ ನೆಟ್ ಹೋದಾಗಲೂ ಕೆಲಸ ಮಾಡಿ, ಆಮೇಲೆ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಕೇಳಬೇಕು. ಕ್ಲೌಡ್ ಬೇಕಾ, ಸ್ವಂತ ಸರ್ವರ್ ಬೇಕಾ ಅನ್ನುವ ಜಗಳ ಅಲ್ಲಿಗೆ ಅರ್ಧ ಮುಗಿಯಿತು.

ಇನ್ನು ಯೋಜನೆ. ಒಂದು ಹಾಳೆಯಲ್ಲಿ ಮೂರು ವರ್ಷದ ಲೆಕ್ಕ ಹಾಕಿ. ಕೊಟೇಶನ್ನಿನ ಮೊದಲ ಪುಟದ ಬೆಲೆ ನೋಡಿ ಮೋಸ ಹೋಗುವವರು ಬಹಳ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಶುಲ್ಕ, ಸಾಮಾನ್ಯವಾಗಿ ಲೈಸೆನ್ಸ್ ಬೆಲೆಯ ಶೇಕಡಾ 15ರಿಂದ 20 ಇರುತ್ತದೆ. ಹಳೆಯ ಡೇಟಾ ವರ್ಗಾವಣೆಗೆ ಬೇರೆ ದುಡ್ಡು. ಯುಪಿಎಸ್ ಬ್ಯಾಟರಿ, ಪಾಸ್‌ಬುಕ್ ಪ್ರಿಂಟರ್, ಎಸ್ಸೆಮ್ಮೆಸ್, ತರಬೇತಿ ಎಲ್ಲ ಸೇರಿಸಿ ಮೂರು ಕೊಟೇಶನ್‌ಗಳನ್ನು ಮತ್ತೆ ಹೋಲಿಸಿ. ಅಗ್ಗದ್ದು ಅಂತ ಕಂಡದ್ದು ಕೊನೆಗೆ ದುಬಾರಿಯಾಗಿರುವುದುಂಟು.

ಇದರ ಜೊತೆಗೆ ಇನ್ನೊಂದು ವಿಷಯ ವಿಚಾರಿಸಬೇಕು. 2022ರಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೇರಳದಲ್ಲಿ 2019ರ ನವೆಂಬರ್‌ನಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಸೇರಿ ಕೇರಳ ಬ್ಯಾಂಕ್ ಆದದ್ದು ನಿಮಗೆ ಗೊತ್ತೇ ಇದೆ. ಸಹಕಾರ ಕ್ಷೇತ್ರದಲ್ಲಿ ಮೇಲಿನಿಂದ ಒಂದು ಆದೇಶ ಬಂದರೆ ಕೆಳಗಿನ ವ್ಯವಸ್ಥೆಯೆಲ್ಲ ಬದಲಾಗುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಸಹಕಾರ ಇಲಾಖೆಯ ಜಾಯಿಂಟ್ ರಿಜಿಸ್ಟ್ರಾರ್ ಕಚೇರಿಗೆ ಒಂದು ಪತ್ರ ಬರೆಯಿರಿ. ಸಾಫ್ಟ್‌ವೇರ್ ಕೊಳ್ಳಲು ಯಾರ ಒಪ್ಪಿಗೆ ಬೇಕು, ಆಡಿಟ್‌ಗೆ ಯಾವ ರಿಪೋರ್ಟುಗಳು ಬೇಕು, ಎಲ್ಲರಿಗೂ ಒಂದೇ ಸಾಫ್ಟ್‌ವೇರ್ ತರುವ ಆಲೋಚನೆ ಇದೆಯಾ? ಉತ್ತರ ಬರಹದಲ್ಲೇ ಬರಲಿ. ಫೋನಿನಲ್ಲಿ "ತೊಂದರೆ ಇಲ್ಲ, ತೆಗೆದುಕೊಳ್ಳಿ" ಅಂದವರು ಮುಂದಿನ ವರ್ಷ ಆ ಕುರ್ಚಿಯಲ್ಲಿ ಇರುವುದಿಲ್ಲ.

ಈಗ ನಿಮ್ಮ ಅಗತ್ಯಗಳ ಪಟ್ಟಿ. ಡೆಮೋ ನೋಡುವ ಮೊದಲೇ ಇದನ್ನು ಬರೆಯಬೇಕು. ಡೆಮೋ ಕಂಪೆನಿಯವರ ನಾಟಕ. ಅವರ ಕಂಪ್ಯೂಟರಿನಲ್ಲಿ ಎಲ್ಲವೂ ಚಂದವೇ. ನಿಮ್ಮ ಕಷ್ಟಗಳನ್ನು ನೀವೇ ಅವರ ಮುಂದಿಡಬೇಕು.

ನಮ್ಮ ಕಡೆಯ ದೊಡ್ಡ ಕಷ್ಟ ಹೆಸರು. ಒಂದೇ ವಾರ್ಡಿನಲ್ಲಿ ನಾಲ್ಕು ಸುಬ್ರಹ್ಮಣ್ಯ ಭಟ್ಟರು, ಆರು ಅಬ್ದುಲ್ಲ, ಮೂರು ನಾರಾಯಣ ನಾಯ್ಕರು ಇರುತ್ತಾರೆ. ಜನ ಅವರನ್ನು ಗುರುತಿಸುವುದು ಮನೆ ಹೆಸರಿನಿಂದ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹೆಸರಿನ ಜಾಗಕ್ಕೆ ಇಪ್ಪತ್ತೈದೋ ಮೂವತ್ತೋ ಅಕ್ಷರ ಮಾತ್ರ. ಇಂಗ್ಲಿಷಿನಲ್ಲಿ ಸುಬ್ರಹ್ಮಣ್ಯ ಬರೆಯುವಷ್ಟರಲ್ಲಿ ಅರ್ಧ ಜಾಗ ಮುಗಿಯಿತು, ಮನೆ ಹೆಸರಿನ ಬಾಲ ಕತ್ತರಿಸಿ ಹೋಯಿತು. ಅದರ ಮೇಲೆ ಕಾಗುಣಿತದ ಗೊಂದಲ. ಸೊಸೈಟಿಯ ಹಳೇ ಲೆಜ್ಜರಿನಲ್ಲಿ ಕನ್ನಡ, ಆಧಾರಿನಲ್ಲಿ ಒಂದು ಬಗೆಯ ಇಂಗ್ಲಿಷ್, ಭೂತೆರಿಗೆ ರಶೀದಿಯಲ್ಲಿ ಮಲಯಾಳ. ಮೂರೂ ಒಬ್ಬರದ್ದೇ ಅಂತ ಸಾಫ್ಟ್‌ವೇರಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಕನ್ನಡದ ಹೆಸರು, ದಾಖಲೆಯಲ್ಲಿರುವ ಇಂಗ್ಲಿಷ್ ಹೆಸರು, ಮನೆ ಹೆಸರು ಇವಕ್ಕೆ ಬೇರೆ ಬೇರೆ ಜಾಗ ಬೇಕು ಎಂದು ಬರೆಯಿರಿ. ಮನೆ ಹೆಸರು ಹೊಡೆದರೂ ಖಾತೆ ಸಿಗಬೇಕು.

ಕನ್ನಡ ಬರುತ್ತದಾ ಎಂದು ಕೇಳಿದರೆ ಎಲ್ಲ ಕಂಪೆನಿಯವರೂ ಬರುತ್ತದೆ ಅನ್ನುತ್ತಾರೆ. ಹಾಗೆ ಕೇಳಬೇಡಿ. "ಯುನಿಕೋಡ್ ಕನ್ನಡದಲ್ಲಿ ಡೇಟಾ ಉಳಿಯುತ್ತದಾ, ನಮ್ಮದೇ ಪಾಸ್‌ಬುಕ್ ಪ್ರಿಂಟರಿನಲ್ಲಿ ಲಕ್ಷ್ಮಿ, ಕೃಷ್ಣ, ಶ್ರೀಧರ ಅಂತ ಪ್ರಿಂಟ್ ಹಾಕಿ ತೋರಿಸಿ" ಎನ್ನಿ. ಯುನಿಕೋಡ್ ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತ. ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳಿದ್ದರೆ ಅವನ್ನು ಯುನಿಕೋಡಿಗೆ ಪರಿವರ್ತಿಸಬೇಕು. ಆಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಕುಳಿತು ತಿದ್ದಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕನ್ನಡವನ್ನು ಸಾಮಾನ್ಯವಾಗಿ ಚಿತ್ರದ ಹಾಗೆ ಅಚ್ಚು ಹಾಕುತ್ತದೆ, ಇಂಗ್ಲಿಷಿಗಿಂತ ನಿಧಾನ. ಶನಿವಾರ ಬೆಳಗ್ಗೆ ಸಾಲು ಉದ್ದ ಇರುವಾಗ ಇದು ಗೊತ್ತಾಗುತ್ತದೆ. ಎಸ್ಸೆಮ್ಮೆಸ್ಸಿನಲ್ಲೂ ಹಾಗೇ. ಇಂಗ್ಲಿಷಿನದ್ದು 160 ಅಕ್ಷರಕ್ಕೆ ಒಂದು ಸಂದೇಶ ಲೆಕ್ಕ, ಕನ್ನಡದ್ದು 70ಕ್ಕೇ ಒಂದು. ಗುಣಿತ, ಒತ್ತು ಬೇರೆ ಬೇರೆ ಎಣಿಕೆಯಾಗುವುದರಿಂದ ಕನ್ನಡ ಸಂದೇಶಕ್ಕೆ ಎರಡು ಮೂರರ ದುಡ್ಡು ಬೀಳಬಹುದು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮದಂತೆ ಸಂದೇಶದ ನಮೂನೆಯನ್ನು ಮೊದಲೇ ನೋಂದಾಯಿಸಬೇಕು, ಕನ್ನಡದ್ದನ್ನೂ ಸೇರಿಸಿ. ಕೊನೇ ಗಳಿಗೆಯಲ್ಲಿ ಹೇಳಿದರೆ "ಸದ್ಯಕ್ಕೆ ಇಂಗ್ಲಿಷ್ ಇರಲಿ" ಅಂತಾರೆ. ಆ ಸದ್ಯಕ್ಕೆ ಹತ್ತು ವರ್ಷ ಆಯುಷ್ಯ. ರಾಜ್ಯ ಸರಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನು ಕನ್ನಡಿಗರಿಗೆ ಕೊಟ್ಟಿದೆ. ನಮ್ಮದೇ ಸೊಸೈಟಿಯ ಪಾಸ್‌ಬುಕ್ ಕನ್ನಡದಲ್ಲಿ ಬರಬೇಕು ಅಂತ ಕೇಳಲು ಸಂಕೋಚ ಯಾಕೆ ಅಲ್ವಾ?

ಕರಾರು ಪತ್ರಕ್ಕೆ ಬರೋಣ. ಹೆಚ್ಚಿನ ಸೊಸೈಟಿಗಳು ಕಂಪೆನಿಯವರು ತಂದ ಕಾಗದಕ್ಕೆ ಹಾಗೇ ಸಹಿ ಹಾಕುತ್ತವೆ. ನೀವು ಎರಡು ವಿಷಯಕ್ಕೆ ಪಟ್ಟು ಹಿಡಿಯಬೇಕು.

ಮೊದಲನೆಯದು, ಬಿಟ್ಟು ಹೋಗುವ ದಿನದ ಮಾತು. ಈಗ ನೀವು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಹಳೇ ಕಂಪೆನಿ ಕೈ ಎತ್ತಿದೆ, ಡೇಟಾ ಅವರ ಸಾಫ್ಟ್‌ವೇರಿನ ಒಳಗಿದೆ. ಹೊಸ ಕರಾರಿನಲ್ಲಿ ಡೇಟಾ ಸೊಸೈಟಿಯದ್ದು ಎಂದು ಬರೆಸಿ. ಅಷ್ಟು ಸಾಲದು. ಬೇರೆ ಸಾಫ್ಟ್‌ವೇರ್ ಓದಬಲ್ಲ ಸಾದಾ ರೂಪದಲ್ಲಿ, ಯಾವ ಕಾಲಮ್ಮಿನಲ್ಲಿ ಏನಿದೆ ಎಂಬ ವಿವರದ ಜೊತೆಗೆ, ವರ್ಷಕ್ಕೊಮ್ಮೆ ಪೂರ್ತಿ ಡೇಟಾ ನಮ್ಮ ಕೈಗೆ ಕೊಡಬೇಕು, ಬಿಡುವಾಗ ಅದಕ್ಕೆ ಬೇರೆ ದುಡ್ಡು ಕೇಳಕೂಡದು ಎಂದೂ ಬರೆಸಿ. ಕಂಪೆನಿ ಮುಚ್ಚಿದರೆ ಮೂಲ ಕೋಡ್ ನಿಮಗೆ ಸಿಗುವ ಹಾಗೆ ಮೂರನೆಯವರ ಬಳಿ ಠೇವಣಿ ಇಡುವ ಪದ್ಧತಿಯೂ ಇದೆ. ಸಣ್ಣ ಕಂಪೆನಿಗಳು ಒಪ್ಪುವುದು ಕಷ್ಟ, ಕೇಳಿ ನೋಡಿ. ಡೇಟಾದ ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಈ ಸಾಲಿಗೆ ಒಪ್ಪದ ಕಂಪೆನಿಯನ್ನು ನಾನಾದರೆ ಅಲ್ಲಿಗೇ ಕೈಬಿಡುತ್ತೇನೆ, ಎಷ್ಟೇ ಅಗ್ಗವಾಗಿರಲಿ.

ಎರಡನೆಯದು, ಒಳಗೆ ಬರುವ ಬಾಗಿಲು. ನಾನು ನೋಡಿದ ಒಂದು ಸೊಸೈಟಿಯಲ್ಲಿ ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಎಂಬ ಆ್ಯಪಿನ ನಂಬರು, ಪಾಸ್‌ವರ್ಡು ಎರಡನ್ನೂ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿ ಇಟ್ಟಿದ್ದರು. ಕಂಪೆನಿಯ ಹುಡುಗರು ಫೋನ್ ಮಾಡಿದಾಗ ಓದಿ ಹೇಳಲು ಸುಲಭವಂತೆ. ಆ ಹುಡುಗರು ಒಳಗೆ ಬಂದು ಏನು ಬದಲಿಸಿದರು ಅನ್ನುವುದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಇದರಲ್ಲಿ ಏನು ದೊಡ್ಡದು ಅನಿಸಿದರೆ ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ ಕೇಳಿ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದು ತಪ್ಪು ತಪ್ಪಾಗಿ ಕೊರತೆ ತೋರಿಸಿತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು ಎಂದು ಊರ ಅಂಚೆ ಕಚೇರಿ ನಡೆಸುವವರ ಮೇಲೆ ಕಳ್ಳತನದ ಕೇಸು ಬಿತ್ತು. 900ಕ್ಕೂ ಜಾಸ್ತಿ ಜನ ಅಪರಾಧಿಗಳಾದರು, ಕೆಲವರು ಜೈಲಿಗೂ ಹೋದರು. ಸಾಫ್ಟ್‌ವೇರ್ ಕಂಪೆನಿಯವರು ಹೊರಗಿನಿಂದಲೇ ಶಾಖೆಯ ಲೆಕ್ಕ ತಿದ್ದಬಹುದಾಗಿತ್ತು. ಹಾಗೆ ಆಗುವುದೇ ಇಲ್ಲ ಎಂದು ಅಂಚೆಯವರು ವರ್ಷಗಟ್ಟಲೆ ವಾದಿಸಿದರು. 2019ರಲ್ಲಿ ಹೈಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಕೊನೆಗೆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು 2024ರಲ್ಲಿ ಕಾನೂನೇ ತರಬೇಕಾಯಿತು.

ನಾಳೆ ನಿಮ್ಮ ಕ್ಯಾಶಿಯರ್ ಹುಡುಗಿಯ ಲೆಕ್ಕದಲ್ಲಿ ಎಂಟು ಸಾವಿರ ಕಡಿಮೆ ಬಂತು ಅಂತಿಟ್ಟುಕೊಳ್ಳಿ. ಆ ದಿನ ಯಾರು ಯಾವ ಐಡಿಯಲ್ಲಿ ಏನು ಮಾಡಿದರು ಎಂಬ ದಾಖಲೆ ಇಲ್ಲದಿದ್ದರೆ ಆಕೆಯನ್ನು ದೂರಲು ನಿಮಗೆ ಯಾವ ಆಧಾರವೂ ಇಲ್ಲ. ತಾನು ಮಾಡಿಲ್ಲ ಎಂದು ತೋರಿಸಲು ಆಕೆಗೂ ದಾರಿ ಇಲ್ಲ. ಆದ್ದರಿಂದ ಹೊರಗಿನವರ ಪ್ರವೇಶ ಸೆಕ್ರೆಟರಿ ಒಪ್ಪಿಗೆ ಕೊಟ್ಟಾಗ ಮಾತ್ರ, ಕೆಲಸ ಮುಗಿದ ಕೂಡಲೇ ಬಂದ್, ಮಾಡಿದ್ದೆಲ್ಲ ದಾಖಲಾಗಬೇಕು. ಒಬ್ಬರಿಗೆ ಒಂದೇ ಐಡಿ. "ಅಡ್ಮಿನ್" ಅಂತ ಎಲ್ಲರೂ ಬಳಸುವ ಐಡಿ ಇರಕೂಡದು. ಡೇಟಾಬೇಸಿನ ಮುಖ್ಯ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಸ್ಟ್ರಾಂಗ್ ರೂಮಿನಲ್ಲಿ ಇಡಿ.

ಇನ್ನು ಏಪ್ರಿಲ್ 1ರ ಮಾತು. ಬೇಡವೇ ಬೇಡ. ಲೆಕ್ಕದ ವರ್ಷ ಶುರುವಾಗುವ ದಿನ ಅಂತ ಕಾಗದದಲ್ಲಿ ಅದು ಚಂದ. ಆದರೆ ಮಾರ್ಚ್ ಕೊನೆಯಲ್ಲಿ ಸೊಸೈಟಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಬೆಳೆ ಸಾಲ ಕಟ್ಟಿ ಮತ್ತೆ ಹೊಸತು ಮಾಡುವವರ ಸಾಲು, ಅಡಿಕೆ ಮಾರಿದ ದುಡ್ಡು ಹಾಕುವವರ ಸಾಲು, ಬಾಕಿ ವಸೂಲಿಯ ಒತ್ತಡ. ಮೇ, ಜೂನ್ ಬಂದರೆ ಮೈಲುತುತ್ತು ಮತ್ತು ಗೊಬ್ಬರದ ಗಡಿಬಿಡಿ, ಜೊತೆಗೆ ಮಳೆ. ನನ್ನ ಪ್ರಕಾರ ಓಣಂ ಕಳೆದ ಮೇಲೆ, ಸೆಪ್ಟೆಂಬರ್ 30ರ ಅರ್ಧ ವರ್ಷದ ಲೆಕ್ಕ ಮುಗಿಸಿ ಬದಲಾಯಿಸುವುದು ಒಳ್ಳೆಯದು. ಅಕ್ಟೋಬರ್ 2ರ ರಜೆ ಸಿಗುತ್ತದೆ, ಲೆಕ್ಕ ತಾಳೆ ನೋಡಲು ಒಂದು ದಿನ ಜಾಸ್ತಿ.

ಎಲ್ಲವನ್ನೂ ಒಂದೇ ರಾತ್ರಿ ಬದಲಾಯಿಸಬೇಡಿ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ಒಂದೇ ವಾರಾಂತ್ಯದಲ್ಲಿ ಹಾಗೆ ಮಾಡಲು ಹೋಯಿತು. ಡೇಟಾ ಸರಿಯಾಗಿಯೇ ದಾಟಿತು, ಹೊಸ ವ್ಯವಸ್ಥೆ ಮಾತ್ರ ಕೈಕೊಟ್ಟಿತು. 19 ಲಕ್ಷದಷ್ಟು ಗ್ರಾಹಕರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಅಷ್ಟು ದೊಡ್ಡ ಬ್ಯಾಂಕಿನ ಗತಿಯೇ ಹೀಗೆ. ನಿಮ್ಮಲ್ಲಿ ಮೊದಲು ಗೊಬ್ಬರದ ಡಿಪೋ, ಆಮೇಲೆ ಸಣ್ಣ ಶಾಖೆ, ಕೊನೆಗೆ ಹೆಡ್ ಆಫೀಸು. ಸಣ್ಣ ಶಾಖೆಯಲ್ಲಿ ಒಂದು ತಿಂಗಳು ಹಳತು ಹೊಸತು ಎರಡನ್ನೂ ಓಡಿಸಿ. ಸಿಬ್ಬಂದಿಗೆ ಎರಡೆರಡು ಸಲ ಬರೆಯುವ ಕೆಲಸ, ಬೈಯುತ್ತಾರೆ. ಬೈಯಲಿ, ಆ ತಿಂಗಳ ಓವರ್‌ಟೈಮನ್ನು ಯೋಜನೆಯ ಖರ್ಚಿನಲ್ಲೇ ಸೇರಿಸಿ.

ಪರೀಕ್ಷೆಗೆ ಸುಲಭದ ಖಾತೆ ಕೊಟ್ಟರೆ ಎಲ್ಲವೂ ಪಾಸು. ಹಠಮಾರಿ ಖಾತೆಗಳನ್ನು ಹುಡುಕಿ ಕೊಡಿ. ಗಡುವಿನ ಮರುದಿನ ಕಟ್ಟಿದ ಬೆಳೆ ಸಾಲ ಒಂದಿರಲಿ. ಸರಿಯಾದ ಸಮಯಕ್ಕೆ ಕಟ್ಟಿದವರಿಗೆ ಶೇಕಡಾ 3ರ ಬಡ್ಡಿ ರಿಯಾಯಿತಿ ಸಿಗುತ್ತದೆ, ಹಾಗಾಗಿ ಆ ಒಂದು ದಿನದಿಂದ ಬಡ್ಡಿಯ ಲೆಕ್ಕವೇ ಬದಲಾಗುತ್ತದೆ. ಅರ್ಧ ಚಿನ್ನ ಬಿಡಿಸಿಕೊಂಡ ಸಾಲ, ಜಂಟಿ ಖಾತೆಯಲ್ಲಿ ಒಬ್ಬರು ತೀರಿಕೊಂಡದ್ದು, ಮಗುವಿನ ಹೆಸರಲ್ಲಿ ತೆರೆದು ಈಗ ಹದಿನೆಂಟು ತುಂಬಿದ ಖಾತೆ, ಎಂಡಿಎಸ್ ಎಂಬ ಮಾಸಿಕ ಠೇವಣಿ ಯೋಜನೆಯ ಚಿಟ್ಟಿಯಲ್ಲಿ ಕಂತು ತಪ್ಪಿಸಿದವರದ್ದು. ಬಡ್ಡಿಯನ್ನು ಹಳೇ ಗುಮಾಸ್ತರ ಹತ್ತಿರ ಕೈಯಲ್ಲಿ ಲೆಕ್ಕ ಹಾಕಿಸಿ, ಸಾಫ್ಟ್‌ವೇರಿನ ಅಂಕಿಯ ಪಕ್ಕ ಇಟ್ಟು ನೋಡಿ. ಒಟ್ಟು ಮೊತ್ತ ತಾಳೆಯಾದರೆ ಸಾಲದು. ಒಬ್ಬರದ್ದು ನೂರು ಕಡಿಮೆ, ಇನ್ನೊಬ್ಬರದ್ದು ನೂರು ಜಾಸ್ತಿ ಆಗಿದ್ದರೂ ಒಟ್ಟು ಸರಿಯೇ ಬರುತ್ತದೆ. ಖಾತೆ ಖಾತೆಯೂ ತಾಳೆಯಾಗಬೇಕು. ಕೊನೆಯ ಕಂತಿನ ದುಡ್ಡನ್ನು ಮುಂದಿನ ಮಾರ್ಚ್ 31ರ ಲೆಕ್ಕ ಸರಿಯಾಗಿ ಮುಗಿದ ಮೇಲೆಯೇ ಕೊಡಿ.

ಬ್ಯಾಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಸರ್ವರಿನ ಮೇಲೆಯೇ ಹಾರ್ಡ್ ಡಿಸ್ಕ್ ಇಟ್ಟು ಬ್ಯಾಕಪ್ ಇದೆ ಅನ್ನುವವರು ನಮ್ಮ ಸಿಡಿಲು ನೋಡಿಲ್ಲ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ನಿಜವಾಗಿ ಡೇಟಾ ತೆಗೆದು ನೋಡಬೇಕು. ಕ್ಲೌಡ್ ತೆಗೆದುಕೊಂಡರೆ ಈ ತಲೆಬಿಸಿ ಇಲ್ಲ ಎಂದೂ ತಿಳಿಯಬೇಡಿ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಜ್ ಎಂಬ ಒಂದು ಕಂಪೆನಿಗೆ, ಡೇಟಾಕ್ಕೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಡೆಯಿತು. ಸಹಕಾರಿ, ಗ್ರಾಮೀಣ ಬ್ಯಾಂಕುಗಳು ಸೇರಿ ಸುಮಾರು 300 ಬ್ಯಾಂಕುಗಳ ಪಾವತಿ ಸೇವೆ ನಿಂತುಹೋಯಿತು. ತಪ್ಪು ಆ ಬ್ಯಾಂಕುಗಳದ್ದಲ್ಲ, ಬೈಗುಳ ಮಾತ್ರ ಅವರ ಕೌಂಟರಿಗೆ. ಅಂಥ ದಿನ ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಚೀಟಿ ಮೊದಲೇ ಇರಲಿ. ಸೈಬರ್ ದಾಳಿಯನ್ನು ಆರು ಗಂಟೆಯೊಳಗೆ ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ಕೇಂದ್ರದ ನಿಯಮ 2022ರಿಂದ ಇದೆ.

ಸದಸ್ಯರ ಮಾಹಿತಿಯ ಬಗ್ಗೆ 2023ರಲ್ಲಿ ಹೊಸ ಕಾನೂನು ಬಂದಿದೆ. ಭದ್ರತೆ ಇಡದವರಿಗೆ ಅದರಲ್ಲಿರುವ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ. ನಿಮಗೆ ಅಷ್ಟು ಬೀಳುತ್ತದೆ ಅಂತಲ್ಲ. ಆದರೆ ಸುಸ್ತಿದಾರರ ಪಟ್ಟಿಯನ್ನು ಫೋನ್ ನಂಬರಿನ ಸಮೇತ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ.

ಅಳಿಯನ ವಿಷಯ ಸ್ವಲ್ಪ ನಾಜೂಕು. ಹುಡುಗ ಬುದ್ಧಿವಂತನೇ ಇರಬಹುದು. ಆದರೆ ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆಯುವುದು ಸುಮ್ನೆ ಒಂದು ಆ್ಯಪ್ ಮಾಡಿದ ಹಾಗಲ್ಲ. ಬಡ್ಡಿ ನಿಯಮ ಬದಲಾದಾಗ, ಆಡಿಟರು ಹೊಸ ರಿಪೋರ್ಟು ಕೇಳಿದಾಗ ತಿದ್ದುತ್ತಲೇ ಇರಬೇಕು. ಅವನು ಅಮೆರಿಕಕ್ಕೆ ಹೋದರೆ ಆ ಕೋಡ್ ಓದುವವರು ಯಾರು? ಅಧ್ಯಕ್ಷರು ಬದಲಾದರೆ ಅವನನ್ನು ಕರೆಯುವವರು ಯಾರು? ಅವನಿಗೆ ದುಡ್ಡು ಕೊಟ್ಟರೆ ಮಹಾಸಭೆಯಲ್ಲಿ ಬರುವ ಪ್ರಶ್ನೆಗಳನ್ನು ಎದುರಿಸಬೇಕಾದವರೂ ನೀವೇ. ದುಡ್ಡಿಲ್ಲದೆ ಒಂದು ಸಹಾಯ ಕೇಳಿ. ಮೂರು ಕಂಪೆನಿಗಳಿಗೂ ಕೇಳುವ ತಾಂತ್ರಿಕ ಪ್ರಶ್ನೆಗಳನ್ನು ಬರೆದುಕೊಡಲಿ, ಕರಾರಿನ ಡೇಟಾ ಸಾಲುಗಳನ್ನು ಓದಿ ನೋಡಲಿ. ಅವನಿಗೂ ಗೌರವ, ನಿಮಗೂ ಉಪಕಾರ. ಕಂಪೆನಿಗಳಿಗೆ ಕೊನೆಯ ಅಂಕ ಹಾಕುವ ಸಭೆಯಲ್ಲಿ ಅಧ್ಯಕ್ಷರೂ ಸೇರಿ ಯಾರ ಸಂಬಂಧಿಕರ ವಿಷಯ ಬಂದರೂ ಅವರು ಹೊರಗಿರಬೇಕು. ಸೆಕ್ರೆಟರಿಗೂ ಇದೇ ನಿಯಮ.

ರಿಯಾಯಿತಿ ತಪ್ಪಿಹೋಗುತ್ತದೆ ಅಂತ ಗಾಬರಿ ಬೇಡ. ಮಾರ್ಚ್‌ನಲ್ಲಿ ಕೊಟ್ಟವರು ಸೆಪ್ಟೆಂಬರ್‌ನಲ್ಲೂ ಕೊಡುತ್ತಾರೆ, ಅವರಿಗೂ ಅರ್ಧ ವರ್ಷದ ಗುರಿ ಇರುತ್ತದೆ. ಅಲ್ಲಿಯವರೆಗೆ ಹಳೇ ಕಂಪೆನಿಯ ಹತ್ತಿರ ಆರು ತಿಂಗಳ ಸರ್ವಿಸನ್ನು ದುಡ್ಡು ಕೊಟ್ಟಾದರೂ ಬರಹದಲ್ಲಿ ಪಡೆಯಿರಿ. ಅದೇ ಪತ್ರದಲ್ಲಿ ನಿಮ್ಮ ಡೇಟಾದ ಪೂರ್ತಿ ಪ್ರತಿಯನ್ನೂ ಕೇಳಿ.

ಮುಂದಿನ ಬೋರ್ಡ್ ಮೀಟಿಂಗಿನಲ್ಲಿ ಸಾಫ್ಟ್‌ವೇರ್ ಆಯ್ಕೆಯನ್ನು ಅಜೆಂಡಾದಿಂದ ತೆಗೆದು, ಈ ನಿರ್ಣಯ ಬರೆಸಿ: "ಸಂಘದ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ ನಾಲ್ಕು ಜನರ ಉಪಸಮಿತಿ ನೇಮಿಸಲಾಗಿದೆ. ಉಪಸಮಿತಿಯು ಅಗತ್ಯಗಳ ಪಟ್ಟಿ, ಮೂರು ವರ್ಷದ ಖರ್ಚಿನ ಅಂದಾಜು ಮತ್ತು ಕರಾರಿನ ಕರಡನ್ನು ಮೇ ತಿಂಗಳ ಸಭೆಗೆ ತರತಕ್ಕದ್ದು. ಅಲ್ಲಿಯವರೆಗೆ ಯಾವುದೇ ಕಂಪೆನಿಗೆ ಮುಂಗಡ ಕೊಡತಕ್ಕದ್ದಲ್ಲ. ಹಾಲಿ ಕಂಪ್ಯೂಟರು, ಪ್ರಿಂಟರು, ಪಾಸ್‌ವರ್ಡ್ ಹೊಂದಿರುವವರು ಮತ್ತು ಕರಾರುಗಳ ಪಟ್ಟಿಯನ್ನು ಸೆಕ್ರೆಟರಿಯವರು ಹದಿನೈದು ದಿನದೊಳಗೆ ಉಪಸಮಿತಿಗೆ ಒಪ್ಪಿಸತಕ್ಕದ್ದು."